ಉಪ್ಪು ಹೂ ಬಿಟ್ಟ ಗೋಡೆ

"ಸುತ್ತಿಗೆ ಇಳಿಸೋ!"

ಬೀದಿಯ ಪತ್ತೇದಾರಿ ಪತ್ತೆಯಕ್ಕ ಕೂಗಿದ ರಭಸಕ್ಕೆ ನೆಲಮಾಳಿಗೆಯ ಸೂರಿನಿಂದ ಒಂದು ಹೆಂಟೆ ಗಾರೆ ಕಳಚಿ ಪೇದೆಯ ಟೋಪಿಯ ಮೇಲೆ ಬಿತ್ತು. ಎತ್ತಿದ ಸುತ್ತಿಗೆ ಎತ್ತಿದಲ್ಲೇ ನಿಂತಿತು. ಆ ಗಂಟಲಿನ ಮಹಿಮೆಯೇ ಅಂಥದು. ಹಿಂದೊಮ್ಮೆ ಮಾರುಕಟ್ಟೆಯ ನಡುವೆ ನಿಂತು "ಕಳ್ಳಾ" ಎಂದು ಒಂದೇ ಸಲ ಕೂಗಿದ್ದಳು. ಬೇಕಾದ ಕಳ್ಳನ ಜೊತೆಗೆ ಬೇಡದ ಕಳ್ಳರೂ ಹಿಂಡಾಗಿ ಬಂದು ಕೈಕಟ್ಟಿ ನಿಂತಿದ್ದರು, ತಕ್ಕಡಿಗೆ ಅಯಸ್ಕಾಂತ ಅಂಟಿಸಿದ್ದ ತರಕಾರಿಯವನೂ ಸೇರಿ.

"ಏನು ಪತ್ತೆಯಕ್ಕ ನೀವು," ಇನ್ಸ್‌ಪೆಕ್ಟರು ಎದೆ ನೀವಿಕೊಂಡ. "ಬನ್ನಿ ಅಂದಿದ್ದು ನೋಡೋಕೆ, ಕೂಗೋಕಲ್ಲ."

"ನೋಡೋಕೇ ಬಂದಿದೀನಿ. ನೀವು ಒಡೆದು ಪುಡಿ ಮಾಡಿದ್ಮೇಲೆ ಏನು ನೋಡ್ಲಿ, ನಿಮ್ಮ ಮುಖಾನಾ?"

ಗಡಿಯಾರ ರಿಪೇರಿ ಮಾಡುವ ಗಡಿಯಾರದಣ್ಣ ಕಳೆದ ವಾರ ತನ್ನ ಮನೆಯ ಈ ನೆಲಮಾಳಿಗೆಗೆ ಇಳಿದವನು ಮೇಲೆ ಬಂದಿರಲಿಲ್ಲ. ಅವನ ಕಿವಿ ಮಷೀನು ಗೋಡೆ ರಿಪೇರಿಗೆ ಬಂದಿದ್ದ ಮೇಸ್ತ್ರಿಯ ಚೀಲದಲ್ಲಿ ಸಿಕ್ಕಿತ್ತು. ಆ ಮೇಸ್ತ್ರಿ ಪತ್ತೆಯಕ್ಕನ ಸ್ವಂತ ಅಕ್ಕನ ಗಂಡ.

ಸಂಜೆಯೊಳಗೆ ಭಾವನನ್ನು ಕೋರ್ಟಿಗೆ ಹಾಜರು ಮಾಡುತ್ತಾರೆ. ಕೊಲೆಯ ಆಪಾದನೆ. ಬೆಳಿಗ್ಗೆ ಅಕ್ಕ ಫೋನು ಮಾಡಿ ಅಳಲಿಲ್ಲ, ಬಯ್ಯಲಿಲ್ಲ. "ಅವರನ್ನ ಕರ್ಕೊಂಡು ಬಾ. ಇಲ್ಲಾಂದ್ರೆ ನೀನೂ ಈ ಮನೆ ಮೆಟ್ಟಿಲು ಹತ್ತಬೇಡ" ಎಂದಷ್ಟೇ ಹೇಳಿ ಇಟ್ಟಿದ್ದಳು. ಇರುವೆಯ ಹೆಜ್ಜೆ ನೋಡಿ ಅದರ ಅತ್ತೆಮನೆ ಯಾವ ಬೀದಿಯಲ್ಲಿದೆ ಎಂದು ಹೇಳಬಲ್ಲ ಪತ್ತೆಯಕ್ಕನಿಗೆ ಅಕ್ಕನ ಆ ಒಣ ದನಿಯ ಮುಂದೆ ಮಾತ್ರ ಬಾಯಿ ಬಂದಿರಲಿಲ್ಲ.

ಆ ನೆಲಮಾಳಿಗೆಯ ತೇವವನ್ನು ಏನೆಂದು ಹೇಳುವುದು! ಅಲ್ಲಿ ಮೂಲೆಗಿಟ್ಟ ಪೊರಕೆ ಚಿಗುರುತ್ತಿತ್ತು. ಬೆಂಕಿಕಡ್ಡಿಯನ್ನು ಗೀರಿದರೆ ಕಿಡಿಯ ಬದಲು ನೀರು ಹನಿಯುತ್ತಿತ್ತು. ಶೀತ ಹಿಡಿದ ಜಿರಲೆಗಳು ರಾತ್ರಿಯೆಲ್ಲ ಕೆಮ್ಮುತ್ತವೆ ಎಂದು ಪಕ್ಕದ ಮನೆಯವರು ದೂರು ಕೊಟ್ಟಿದ್ದರಂತೆ. ಒಂದು ಗೋಡೆಯುದ್ದಕ್ಕೂ ಗಡಿಯಾರಗಳು, ಮುಳ್ಳುಗಳಿಗೆ ತುಕ್ಕು ಹಿಡಿದು ಒಂದೊಂದೂ ಒಂದೊಂದು ಹೊತ್ತಿಗೆ ನಿಂತಿದ್ದವು.

ಎದುರು ಗೋಡೆಯೇ ಇವತ್ತಿನ ಜಗಳದ ಗೋಡೆ. ಅದರ ಹಿಂದೆ ಬರೀ ಮಣ್ಣು ಎಂದು ಮನೆಯವರೆಲ್ಲ ಹೇಳಿದ್ದರು. ಕೊಳೆತ ಹಳೆಯ ಗಾರೆಯನ್ನು ಭಾವ ಎದೆಮಟ್ಟದವರೆಗೂ ಕೆತ್ತಿ ತೆಗೆದು, ಇಟ್ಟಿಗೆಯ ಸಂದುಗಳನ್ನು ಉಳಿಯಿಂದ ಕೆರೆದು, ಬರಿಮೈಯಲ್ಲಿ ಒಣಗಲು ಬಿಟ್ಟಿದ್ದ. ಒದ್ದೆ ಇಟ್ಟಿಗೆ ಒಳಗಿನ ಉಪ್ಪನ್ನು ಹೊರಗೆ ಕಾರಿ ಗೋಡೆಯೆಲ್ಲ ಬೆಳ್ಳಗೆ ಹೂ ಬಿಟ್ಟಿತ್ತು. ನಡುವೆ, ನೆಲಕ್ಕೆ ಹತ್ತಿದಂತೆ, ಒಬ್ಬ ಮನುಷ್ಯ ಬಗ್ಗಿ ದಾಟುವಷ್ಟು ಅಗಲದ ಒಂದು ಸಿಮೆಂಟಿನ ತೇಪೆ.

"ಕೊಂದ, ಗೋಡೆ ಕೊರೆದ, ಹಿಂದಿನ ಮಣ್ಣಲ್ಲಿ ಹೂತ, ಇಟ್ಟಿಗೆ ಕಟ್ಟಿದ, ಮೇಲೆ ಪ್ಲಾಸ್ಟರ್ ಬಳಿದ," ಇನ್ಸ್‌ಪೆಕ್ಟರು ಬೆರಳು ಮಡಿಸಿದ. "ಮೇಸ್ತ್ರಿ ಅಲ್ದೆ ಇನ್ಯಾರು ಮಾಡ್ತಾರೆ ಈ ಕೆಲಸಾನ? ದರ್ಜಿ ಮಾಡ್ತಾನಾ?"

"ಮೇಸ್ತ್ರೀನ ಒಂದು ಮಾತು ಕೇಳಿದ್ರಾ?"

"ಕೇಳ್ದೆ. ಕಿವಿ ಮಷೀನು ಹೇಗೆ ಬಂತು ಅಂದ್ರೆ ಗೋಡೆ ವಿಷಯ ಹೇಳ್ತಾನೆ. ಅಣ್ಣ ಎಲ್ಲಿ ಅಂದ್ರೆ ನಮ್ಮ ಸ್ಟೇಷನ್ ಗೋಡೆ ವಿಷಯ ಹೇಳ್ತಾನೆ. ಲಾಕಪ್‌ನ ಮೂಲೇಲಿ ಬೂಸ್ಟು ಹಿಡಿದಿದೆಯಂತೆ, ಮೇಲಿನ ಪೈಪು ಸೋರ್ತಿದೆಯಂತೆ. ಹೌದು, ಸೋರ್ತಿದೆ! ಅದನ್ನ ನಾನು ಇವನ ಹತ್ರ ಕೇಳಿದ್ನಾ?"

ಅಷ್ಟರಲ್ಲಿ ಭಾವನನ್ನು ಕೆಳಗೆ ಕರೆತಂದರು. ಕೈಯಲ್ಲಿ ಕೋಳ, ತಲೆಯಲ್ಲಿ ಎರಡು ದಿನದ ಕೆದರಿದ ಕೂದಲು. ಕೊನೆಯ ಮೆಟ್ಟಿಲಿಳಿದು ತೇಪೆಯನ್ನು ನೋಡಿದವನೇ ಮುಖ ಹಿಂಡಿದ.

"ಅಯ್ಯೋ ತಾಯಿ, ಯಾವ ಪಾಪಿ ಕೆಲಸ ಇದು? ಎಮ್ಮೆ ತಾನಾಗೇ ಕೆಸರಲ್ಲಿ ಹೊರಳಿ ಬಂದು ಗೋಡೆಗೆ ಮೈ ಉಜ್ಜಿದ್ರೂ ಇದಕ್ಕಿಂತ ನುಣ್ಣಗೆ ಬರುತ್ತೆ."

"ಭಾವ, ನೀವು ಸುಮ್ನಿರಿ. ಪ್ರಾಣ ಹೋಗೋ ಹೊತ್ತಲ್ಲಿ ನುಣುಪು ನೋಡ್ತಾರೆ."

"ಪ್ರಾಣ ಇದ್ದಾಗ ತಾನೇ ನೋಡೋಕಾಗೋದು?"

ಅವನ ಹಿಂದೆಯೇ ಗಡಿಯಾರದಣ್ಣನ ಹೆಂಡತಿ ಇಳಿದು ಬಂದಳು. ಬೀದಿಗೆಲ್ಲ ಗಡಿಯಾರದಕ್ಕ. ಸೆರಗಿನ ತುದಿಯನ್ನು ಹಗ್ಗದಂತೆ ಹೊಸೆದು ಹೊಸೆದು ಅದೀಗ ನಿಜಕ್ಕೂ ಹಗ್ಗವಾಗಿತ್ತು. ಅವಳ ಹಿಂದೆ ಮೈದುನ, ಔಷಧಿ ಅಂಗಡಿಯವನು. ಕಂಡದ್ದನ್ನೆಲ್ಲ ತೊಳೆಯುವ ಚಟಕ್ಕೆ ಬೀದಿ ಅವನಿಗಿಟ್ಟ ಹೆಸರು ಫಿನಾಯಿಲಣ್ಣ. ಸೋಪನ್ನೂ ಸೋಪು ಹಾಕಿ ತೊಳೆದೇ ಮೈಗೆ ಹಚ್ಚುವವನು. ಇವತ್ತು ಅವನು ಮೆಟ್ಟಿಲಿಳಿದ ಬಗೆಯೇ ಬೇರೆ. ಕಾಲು ಮಡಿಸದೆ, ಕೊಕ್ಕರೆ ಕೆರೆಗಿಳಿದಂತೆ, ಪಕ್ಕದ ಕಂಬಿ ಹಿಡಿದು ಒಂದೊಂದೇ.

"ಕಾಲಿಗೇನಾಯ್ತು?" ಪತ್ತೆಯಕ್ಕ ಕೇಳಿದಳು.

"ಅಂಗಡಿ ಏಣಿಯಿಂದ ಜಾರಿದೆ," ಎಂದ ಫಿನಾಯಿಲಣ್ಣ. ಕೂರಲು ಪೇದೆ ಸ್ಟೂಲು ತಳ್ಳಿದರೆ ಬೇಡವೆಂದು ಕಪಾಟಿಗೊರಗಿ ನಿಂತ.

ಗಡಿಯಾರದಕ್ಕ ಯಾರ ಕಡೆಗೂ ನೋಡಲಿಲ್ಲ. ಗೋಡೆಯ ಕಡೆಗೂ ನೋಡಲಿಲ್ಲ. "ನನ್ನ ಗಂಡ ಅದರೊಳಗೆ ಇದಾರೋ ಇಲ್ವೋ, ಅಷ್ಟು ಹೇಳ್ಬಿಡಿ," ಎಂದಳು. "ನಾನು ಮೇಲೆ ಹೋಗಿ ದೀಪ ಹಚ್ಚಬೇಕೋ ಬೇಡ್ವೋ ಗೊತ್ತಾಗ್ಬೇಕಲ್ಲ."

ಜಿರಲೆಗಳೂ ಕೆಮ್ಮು ನಿಲ್ಲಿಸಿದವು.

ಪತ್ತೆಯಕ್ಕ ಗೋಡೆಯ ಹತ್ತಿರ ಹೋದಳು. ಮೂಗು ಇಟ್ಟಿಗೆಗೆ ತಾಗುವಷ್ಟು ಹತ್ತಿರ. ಕನ್ನಡಕ ಏರಿಸಿದಳು, ಇಳಿಸಿದಳು. ಉಪ್ಪನ್ನು ಉಗುರಿನಲ್ಲಿ ಕೆರೆದು ನಾಲಿಗೆಗೆ ಇಟ್ಟುಕೊಂಡಳು. ಪೇದೆ ಮುಖ ಆ ಕಡೆ ತಿರುಗಿಸಿದ.

ಗೋಡೆಯ ತುಂಬ ಹೂ ಒಂದೇ ಸಮ, ತೆಳ್ಳಗೆ, ಹಿಟ್ಟು ಉದುರಿಸಿದಂತೆ ಇತ್ತು. ಸಿಮೆಂಟಿನ ತೇಪೆಯ ಸುತ್ತ ಮಾತ್ರ ಹಾಗಿರಲಿಲ್ಲ. ಅಲ್ಲಿ ಒಂದು ಮೊಳ ಅಗಲಕ್ಕೆ ಇಟ್ಟಿಗೆ ಬೋಳು ಬೋಳು. ಆ ಬೋಳಿನ ಆಚೆ ಅಂಚಿಗೆ ಉಪ್ಪು ದಪ್ಪಗೆ, ಹತ್ತಿಯ ಹಾರ ಹಾಕಿದಂತೆ ಸುತ್ತುಗಟ್ಟಿತ್ತು.

"ಭಾವ, ಈ ಉಪ್ಪನ್ನ ಹೇಗೆ ತೆಗೀತೀರಿ?"

"ಒಣಬ್ರಷ್ಷು. ಬರೀ ಒಣಬ್ರಷ್ಷು. ಬಂದಂಗೆಲ್ಲ ಉಜ್ಜಬೇಕು, ಉದುರಿದ್ದನ್ನ ಗುಡಿಸಿ ಹೊರಗೆ ಹಾಕಬೇಕು, ಗೋಡೆ ಸುಸ್ತಾಗಿ ಉಪ್ಪು ಕಾರೋದು ನಿಲ್ಲಿಸೋ ತನಕ."

"ನೀರು ಹಾಕಿ ತೊಳೆದ್ರೆ?"

ಕೋಳ ಹಾಕಿದ್ದನ್ನು ಮರೆತು ಭಾವ ಎರಡೂ ಕೈಯಲ್ಲಿ ಹಣೆ ಚಚ್ಚಿಕೊಂಡ. ಕಬ್ಬಿಣ ಠಣ್ ಎಂದಿತು. "ತೊಳೆಯೋದಾ! ನೀರು ಕಂಡ್ರೆ ಉಪ್ಪು ಕರಗಿ ವಾಪಸ್ ಒಳಗೆ ಹೋಗುತ್ತೆ ತಾಯಿ. ಆಮೇಲೆ ನೀರು ಎಲ್ಲಿತನಕ ಹರಡಿತ್ತೋ ಅಲ್ಲಿಗೆ ಬಂದು ಅಂಚು ಕಟ್ಟುತ್ತೆ. ಅದಕ್ಕೇ ಇವರಿಗೆಲ್ಲ ಬಡ್ಕೊಂಡಿದ್ದೆ, ಮುಟ್ಟಬೇಡಿ, ಗೋಡೆ ಉಸಿರಾಡ್ಲಿ ಅಂತ."

"ನೋಡಿ ಸಾಹೇಬ್ರೇ, ಅಂಚು ಕಟ್ಟಿದೆ. ಯಾರೋ ತೇಪೆ ಹಾಕೋ ಮೊದಲು ಇಲ್ಲಿ ಬಕೆಟ್ಟುಗಟ್ಟಲೆ ನೀರು ಸುರಿದು ತೊಳೆದಿದಾರೆ. ನಮ್ಮ ಭಾವ ಈ ಗೋಡೆ ಮೇಲೆ ಎಂಜಲು ಸಹ ಹಾರಿಸಲ್ಲ. ಇನ್ನು ಸಿಮೆಂಟು! ಹಳೇ ಒದ್ದೆ ಇಟ್ಟಿಗೆಗೆ ಸಿಮೆಂಟು ಬಳಿದ್ರೆ ತೇವ ಒಳಗೇ ಸಿಕ್ಕಿಹಾಕ್ಕೊಂಡು ಇಟ್ಟಿಗೆ ಕೊಳೆಯುತ್ತೆ ಅಂತ ಸಿಮೆಂಟಿನ ಚೀಲ ಕಂಡ್ರೆ ಬೀದಿ ದಾಟಿ ಆ ಕಡೆ ನಡೆಯೋ ಮನುಷ್ಯ. ಇವರ ಮದುವೇಲಿ ಏನಾಯ್ತು ಗೊತ್ತಾ? ಛತ್ರದ ಹಳೇ ಗೋಡೆಗೆ ಸಿಮೆಂಟು ಮೆತ್ತಿದ್ದು ಕಂಡು, ಒಳಗೆ ಕೂರಲ್ಲ ಅಂತ ಹೊರಗೆ ಚಪ್ಪಲಿ ಬಿಡೋ ಜಾಗದಲ್ಲಿ ಹಾರ ಹಾಕಿಸ್ಕೊಂಡ್ರು. ನಮ್ಮಕ್ಕ ಇವತ್ತಿಗೂ ಅದನ್ನ ಎತ್ತಿ ಆಡ್ತಾಳೆ."

"ಒಳಗೆ ಗಾಳಿ ಸರಿ ಇರ್ಲಿಲ್ಲ," ಎಂದ ಭಾವ.

ಇನ್ಸ್‌ಪೆಕ್ಟರು ನಕ್ಕ. "ಕೋರ್ಟಲ್ಲಿ ಇದನ್ನ ಹೇಳ್ತೀರಾ? ನಮ್ಮ ಭಾವನಿಗೆ ಸಿಮೆಂಟು ಅಂದ್ರೆ ಆಗಲ್ಲ ಸ್ವಾಮೀ, ಬಿಟ್ಬಿಡಿ ಅಂತ? ಹೆಣ ಅಡಗಿಸೋನು ಶಾಸ್ತ್ರ ನೋಡ್ತಾನಾ?"

"ನೋಡಲ್ಲ. ಆದ್ರೆ ಪಳಗಿದ ಕೈ ತಾನಾಗೇ ನೋಡ್ಕೊಳ್ಳುತ್ತೆ." ಪತ್ತೆಯಕ್ಕ ಮೂಲೆಯಲ್ಲಿದ್ದ ಒಣಬ್ರಷ್ಷನ್ನು ಎತ್ತಿಕೊಂಡಳು.

ಮುಂದೆ ಅವಳು ಮಾಡಿದ್ದನ್ನು ಕಂಡು ಪೇದೆಗೆ ಇವಳ ತಲೆ ಕೆಟ್ಟಿತು ಎನ್ನಿಸಿತು. ಗೋಡೆಯ ಉಪ್ಪನ್ನು ಸರಸರನೆ ಉಜ್ಜತೊಡಗಿದಳು. ಬಿಳಿ ಪುಡಿ ಧೂಳೆದ್ದು, ಕಪಾಟಿಗೊರಗಿ ನಿಂತಿದ್ದ ಫಿನಾಯಿಲಣ್ಣನ ಪಾದದ ಮುಂದೆ, ಅವತ್ತು ಬೆಳಿಗ್ಗೆ ತಾನೇ ಅವನು ಕನ್ನಡಿಯಂತೆ ಒರೆಸಿದ್ದ ನೆಲದ ಮೇಲೆ, ಹಿಮದಂತೆ ಸುರಿಯಿತು.

ಫಿನಾಯಿಲಣ್ಣನ ಕಣ್ಣರೆಪ್ಪೆ ಅದುರಿತು.

ಅವಳು ಇನ್ನೊಂದು ಸಲ ಉಜ್ಜಿದಳು. ಪುಡಿ ಅವನ ಹೆಬ್ಬೆರಳ ಮೇಲೆ ಕೂತಿತು. ಚಪ್ಪಲಿಯಿಂದ ಅದನ್ನು ತುಳಿದು, ಒದ್ದೆ ನೆಲಕ್ಕೆ ಚೆನ್ನಾಗಿ ತಿಕ್ಕಿದಳು.

"ಅಯ್ಯೋ ಇರಿ, ಇರಿ!" ಎಂದು ಅವನು ಜೇಬಿನಿಂದ ಬಟ್ಟೆ ಎಳೆದ. ಚಟ ಮನುಷ್ಯನಿಗಿಂತ ಮುಂಚೆ ಹೊರಡುತ್ತದೆ. ಒರೆಸಲೆಂದು ಧಡಕ್ಕನೆ ಮೊಣಕಾಲೂರಿದ.

"ಅಮ್ಮಾ!"

ಆ ಚೀರಾಟಕ್ಕೆ ಕಪಾಟಿನ ಮೇಲೆ ಯಾವ ಕಾಲದಲ್ಲೋ ನಿಂತುಹೋಗಿದ್ದ ಒಂದು ಗಡಿಯಾರ ಟಿಕ್ ಎಂದು ಒಂದು ಹೆಜ್ಜೆ ನಡೆದು ಮತ್ತೆ ಸತ್ತಿತು.

"ಪ್ಯಾಂಟು ಮೇಲೆತ್ತಿ," ಎಂದಳು ಪತ್ತೆಯಕ್ಕ.

"ಏಣಿಯಿಂದ ಜಾರಿದೆ ಅಂದ್ನಲ್ಲ!"

"ಎರಡೂ ಮೊಣಕಾಲಿಗೆ, ಅಳತೆ ಮಾಡಿ ಜಾರಿದ್ರಾ? ಎತ್ತಿ."

ಪೇದೆಯೇ ಎತ್ತಿದ. ಎರಡೂ ಮೊಣಕಾಲಿಗೆ ಹತ್ತಿ, ಬಟ್ಟೆ, ಪಟ್ಟಿ; ಅಂಗಡಿಯ ಅರ್ಧ ಸರಕು ಅಲ್ಲೇ ಇತ್ತು. ಪಟ್ಟಿ ಸರಿಸಿದರೆ ಚರ್ಮ ಬೆಂದು, ಕಪ್ಪುಗಟ್ಟಿ, ರೂಪಾಯಿಯಗಲ ಗುಳಿ ಬಿದ್ದಿತ್ತು.

"ಹಸಿ ಸಿಮೆಂಟು ಸುಡುತ್ತೆ ಸಾಹೇಬ್ರೇ. ಆಗ ಗೊತ್ತಾಗಲ್ಲ, ರಾತ್ರಿ ಗೊತ್ತಾಗುತ್ತೆ. ಕೆಲಸ ಬಲ್ಲವನು ಕುಕ್ಕರುಗಾಲಲ್ಲಿ ಕೂತು ಬಳೀತಾನೆ. ನಮ್ಮ ಭಾವ ಹಾಗೆ ಕೂತ್ರೆ ಬೆಳಿಗ್ಗೆಯಿಂದ ಸಂಜೆ ತನಕ ಏಳಲ್ಲ, ಊಟಕ್ಕೂ ಹಾಗೇ ಜಿಗೀತಾ ಬರ್ತಾರೆ. ಹೊಸಬ ಮಾತ್ರ ಚೆಲ್ಲಿದ ಸಿಮೆಂಟಲ್ಲಿ ಮೊಣಕಾಲೂರಿ ಕೂರ್ತಾನೆ. ಹೇಳಿ ಫಿನಾಯಿಲಣ್ಣ, ಈ ವಿದ್ಯೆ ಎಲ್ಲಿ ಕಲಿತ್ರಿ?"

ಅವನು ಅತ್ತಿಗೆಯ ಕಡೆ ನೋಡಿದ. ಗಡಿಯಾರದಕ್ಕನ ಕೈ ಸೆರಗು ಹೊಸೆಯುವುದನ್ನು ನಿಲ್ಲಿಸಿತ್ತು.

"ಫೋನಲ್ಲಿ," ಎಂದ ಸಣ್ಣಗೆ. "ಫೋನಲ್ಲಿ ನೋಡ್ಕೊಂಡು ಬಳಿದೆ."

"ಯಾಕೆ?"

"ಆ ರಾತ್ರಿ ಅಣ್ಣಂಗೂ ನಂಗೂ ಜಗಳ ಆಗಿತ್ತು. ಬೀದಿಗೆಲ್ಲ ಕೇಳಿಸಿದೆ. ಇದನ್ನ ಔಷಧಿ ಇಡೋ ಗೋಡೌನ್ ಮಾಡ್ತೀನಿ, ನಿನ್ನ ಹಾಳು ಗಡಿಯಾರ ಎಲ್ಲ ಎತ್ತು ಅಂದೆ. ಸತ್ರೂ ಎತ್ತಲ್ಲ ಅಂದ. ಹಾಗಾದ್ರೆ ಸಾಯಿ ಅಂದೆ." ಅವನು ಪಟ್ಟಿಯನ್ನು ಮತ್ತೆ ಗಾಯದ ಮೇಲೆ ಎಳೆದುಕೊಂಡ. "ಬೆಳಿಗ್ಗೆ ಇಳಿದು ಬಂದ್ರೆ ಅಣ್ಣ ಇಲ್ಲ. ಸ್ಟೂಲು ಬಿದ್ದಿದೆ. ಗೋಡೇಲಿ ಇಷ್ಟಗಲ ಹೊಸದಾಗಿ ಇಟ್ಟಿಗೆ ಕಟ್ಟಿದೆ. ಹಸಿ ಗಾರೆ ನೆಲದ ಮೇಲೆ, ಗೋಡೆ ಮೇಲೆ ಎಲ್ಲ ಉದುರಿದೆ. ತೊಳೆದೆ. ತೊಳೆದಷ್ಟೂ ಆ ಹೊಸ ಇಟ್ಟಿಗೆ ಎದ್ದು ಕಾಣ್ತಿತ್ತು. ಅದಕ್ಕೆ ಮೆತ್ತಿದೆ."

"ನೀನು ಕಟ್ಲಿಲ್ಲ?" ಇನ್ಸ್‌ಪೆಕ್ಟರು ಮುಂದೆ ಬಂದ. "ಇಟ್ಟಿಗೆ ರಾತ್ರಿ ತಾನಾಗೇ ಎದ್ದು ಸಾಲಾಗಿ ನಿಂತ್ಕೊಳ್ತಾ?"

"ದೇವರಾಣೆ ನಾನಲ್ಲ. ನಾನು ಬಂದಾಗ ಕಟ್ಟಿತ್ತು."

"ಮೈದುನಾ," ಎಂದಳು ಗಡಿಯಾರದಕ್ಕ. ಅವಳ ದನಿ ಎತ್ತರವಾಗಿರಲಿಲ್ಲ. ಆದರೂ ಎಲ್ಲರೂ ಅತ್ತ ತಿರುಗಿದರು. "ಅದರ ಹಿಂದೆ ನಿಮ್ಮಣ್ಣ ಇರಬಹುದು ಅಂತ ನಿಂಗೆ ಅನ್ನಿಸಲಿಲ್ವಾ?"

ಫಿನಾಯಿಲಣ್ಣ ನೆಲದ ಮೇಲಿನ ಉಪ್ಪನ್ನೇ ನೋಡುತ್ತಿದ್ದ.

"ಅನ್ನಿಸ್ತು ಅತ್ತಿಗೆ. ಅದಕ್ಕೇ ಮೆತ್ತಿದೆ."

ಗಡಿಯಾರದಕ್ಕ ಹೊಡೆಯಲಿಲ್ಲ. ಹೊಡೆದಿದ್ದರೆ ಅವನಿಗೆ ಎಷ್ಟೋ ವಾಸಿ ಇರುತ್ತಿತ್ತು. ಅವಳು ಎರಡು ಹೆಜ್ಜೆ ಹಿಂದೆ ಸರಿದು, ಈ ಮನುಷ್ಯನನ್ನು ಎಲ್ಲೋ ನೋಡಿದ್ದೇನಲ್ಲ ಎಂಬಂತೆ ನೋಡಿದಳು.

"ಪ್ಲಾಸ್ಟರ್ ಕೀಳಿ," ಇನ್ಸ್‌ಪೆಕ್ಟರು ಗುಡುಗಿದ.

ಪೇದೆ ಸುತ್ತಿಗೆ ಎತ್ತಿದ. ಮೆಟ್ಟಿಲ ಬಳಿಯಿಂದ ಭಾವ, "ಸುತ್ತಿಗೆ ಬೇಡಪ್ಪ," ಎಂದ. "ಒದ್ದೆ ಇಟ್ಟಿಗೆಗೆ ಅದು ಅಂಟಿರಲ್ಲ. ಅಂಚಿಗೆ ಉಳಿ ತೂರಿಸಿ ಮೆಲ್ಲಗೆ ಮೀಟು. ತಾನಾಗೇ ಬರುತ್ತೆ."

ಹಾಗೆಯೇ ಆಯಿತು. ಉಳಿ ತೂರಿಸಿ ಮೀಟಿದರೆ, ಫಿನಾಯಿಲಣ್ಣನ ಮೊಣಕಾಲನ್ನೇ ತಿಂದಿದ್ದ ಆ ಸಿಮೆಂಟು, ಗಾಯದ ಹಕ್ಕಳೆ ಏಳುವಂತೆ ಒಂದೇ ಹಲಗೆಯಾಗಿ ಎದ್ದು ಬಂತು. ಪೇದೆ ಅದನ್ನು ತಬ್ಬಿಕೊಂಡು ಪಕ್ಕಕ್ಕಿಟ್ಟ.

ಟಾರ್ಚಿನ ಬೆಳಕು ಇಟ್ಟಿಗೆಯ ಮೇಲೆ ಬಿತ್ತು.

ಇಟ್ಟಿಗೆಯ ಸಾಲುಗಳೇನೋ ನೆಟ್ಟಗಿದ್ದವು. ಸಂದುಗಳು ಮಾತ್ರ ಅಸಹ್ಯ. ಪ್ರತಿ ಸಂದಿನಿಂದಲೂ ಗಾರೆ ಹೊರಗೆ ಉಬ್ಬಿ, ಜೋತು, ನಾಲಿಗೆ ಚಾಚಿದಂತೆ ಹಾಗೇ ಒಣಗಿತ್ತು. ಕರಣೆಯಿಂದ ಯಾರೂ ಅದನ್ನು ಸವರಿರಲಿಲ್ಲ.

"ಥೂ, ಎಂಥ ಕೊಳಕು ಕೆಲಸ!" ಇನ್ಸ್‌ಪೆಕ್ಟರ ಮುಖ ಅರಳಿತು. "ಮೇಸ್ತ್ರಿ ಕಟ್ಟಿದ್ದಲ್ಲ ಇದು. ಯಾರು ನೋಡಿದ್ರೂ ಹೇಳ್ತಾರೆ. ಫೋನ್ ನೋಡಿ ಕಟ್ಟಿದ್ದು ಇದೂನೂ. ಪತ್ತೆಯಕ್ಕ, ಒಪ್ಪಿದೆ ಕಣ್ರೀ. ಕಿವಿ ಮಷೀನ್ನೂ ಇವನೇ ಮೇಸ್ತ್ರಿ ಚೀಲಕ್ಕೆ ಹಾಕಿರ್ತಾನೆ. ಆ ಕೋಳ ಬಿಚ್ಚಿ ಈ ಮಹಾಶಯನಿಗೆ ಹಾಕು."

"ನಾನು ಕಟ್ಲಿಲ್ಲ!" ಫಿನಾಯಿಲಣ್ಣ ಅರಚಿದ. "ಮಷೀನು ನಾನು ಮುಟ್ಟೂ ಇಲ್ಲ! ಅತ್ತಿಗೆ, ಹೇಳಿ ಇವರಿಗೆ!"

ಅತ್ತಿಗೆ ಮುಖ ತಿರುಗಿಸಿದಳು.

ಇಷ್ಟು ಹೊತ್ತಿಗೆ ಪತ್ತೆಯಕ್ಕ ಕುಣಿಯಬೇಕಿತ್ತು. ಅವಳ ಕಾಲು ನೆಲಕ್ಕೆ ಅಂಟಿತ್ತು.

ಅವಳು ಉಬ್ಬಿದ ಗಾರೆಯನ್ನು ನೋಡುತ್ತಿದ್ದಳು. ಅದರ ಬಣ್ಣ ಗುಲಾಬಿ.

ಅಕ್ಕನ ಮದುವೆಯಾದಾಗ ಪತ್ತೆಯಕ್ಕನಿಗೆ ಮುಂದಿನ ಹಲ್ಲು ಬಿದ್ದಿದ್ದ ವಯಸ್ಸು. ಭಾವ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಗೋಡೆ ಕಟ್ಟಲು ನಿಲ್ಲಿಸಿದ ಮರದ ಸಾರವೆ ಹತ್ತುತ್ತಿದ್ದ. ಹಳೆಯ ಇಟ್ಟಿಗೆಯನ್ನು ಕುಟ್ಟಿ, ಜರಡಿ ಹಿಡಿದು, ಆ ಕೆಂಪು ಪುಡಿಯನ್ನು ಸುಣ್ಣಕ್ಕೆ ಬೆರೆಸುತ್ತಿದ್ದ. ಆ ಗುಲಾಬಿ ಗಾರೆಯಲ್ಲಿ ಅವಳು ಗೊಂಬೆ ಮಾಡಿ ಆಡಿದ್ದಳು. ತೇವದ ಗೋಡೆಗೆ ಇದಕ್ಕಿಂತ ಮದ್ದಿಲ್ಲ ಎನ್ನುತ್ತಿದ್ದ ಭಾವ. ಈ ಊರಿನಲ್ಲಿ, ಊರಿನ ಆಸುಪಾಸಿನಲ್ಲಿ, ಬೇಕಾದರೆ ಭೂಮಿಯ ಮೇಲೆ ಎನ್ನಿ, ಹಾಗೆ ಕಲಸುವ ಕೈ ಇನ್ನೊಂದಿರಲಿಲ್ಲ.

ಹಾಗಾದರೆ ಸಂದು ಯಾಕೆ ಸವರಿಲ್ಲ?

ಇಟ್ಟಿಗೆ ಇಟ್ಟು ಒತ್ತಿದಾಗ ಗಾರೆ ಎರಡೂ ಕಡೆ ಹೊರಗೆ ಬರುತ್ತದೆ. ಕಟ್ಟುವವನು ತನ್ನ ಕಡೆಯದನ್ನು ಕರಣೆಯಿಂದ ಸವರಿಕೊಳ್ಳುತ್ತಾನೆ. ಆಚೆ ಕಡೆಯದು ಅವನ ಕೈಗೆ ಸಿಗುವುದಿಲ್ಲ. ಜೋತುಬಿದ್ದು ಹಾಗೇ ಒಣಗುತ್ತದೆ.

ಇದು ಗೋಡೆಯ ಮುಖವಲ್ಲ. ಬೆನ್ನು.

ಕಟ್ಟಿದವನು ಆ ಕಡೆ ನಿಂತಿದ್ದ. ಬರೀ ಮಣ್ಣಿದೆ ಎಂದು ಮನೆಮಂದಿಯೆಲ್ಲ ಹೇಳಿದ ಆ ಕಡೆ. ಕಟ್ಟಿ ಮುಗಿಸಿ ಹೊರಬರಲು ಅಲ್ಲಿ ಬೇರೆ ದಾರಿಯೂ ಇರಬೇಕು.

ಪೇದೆ ಕೋಳದ ಕೀಲಿ ತಿರುಗಿಸುತ್ತಿದ್ದ. ಪತ್ತೆಯಕ್ಕ ಭಾವನ ಮುಖ ನೋಡಿದಳು. ಬಿಡುಗಡೆಯಾಗುವವನ ಮುಖ ಅದಾಗಿರಲಿಲ್ಲ. ಹಣೆಯಲ್ಲಿ ಬೆವರು. ಅವನ ಕಣ್ಣು ಅವಳ ಕಣ್ಣಿಗೆ ಸಿಕ್ಕಿತು, ಸಿಕ್ಕಿದ್ದೇ ತಪ್ಪಿಸಿಕೊಂಡಿತು.

ಅವಳಿಗೆ ಗೊತ್ತಾಗಿದೆ ಎಂದು ಅವನಿಗೆ ಗೊತ್ತಾಯಿತು.

ಒಂದು ಮಾತು ಆಡಿದರೆ ಕೋಳ ಮತ್ತೆ ಭಾವನ ಕೈಗೆ. ಆಡದಿದ್ದರೆ, ಪಾಪಿಯೇ ಇರಲಿ, ಹೇಡಿಯೇ ಇರಲಿ, ಮಾಡದ ಕೊಲೆಗೆ ಫಿನಾಯಿಲಣ್ಣ. ಕಿವಿಯಲ್ಲಿ ಅಕ್ಕನ ಒಣ ದನಿ. ಸೂರಿನ ಗಾರೆ ಉದುರಿಸುತ್ತಿದ್ದ ಗಂಟಲಿನಿಂದ ಈಗ ನೊಣದ ರೆಕ್ಕೆಯಷ್ಟು ಸದ್ದೂ ಹೊರಡಲಿಲ್ಲ.

ಕೋಳ ಕಳಚಿತು. ಭಾವ ಮಣಿಕಟ್ಟು ತಿಕ್ಕಿಕೊಂಡ. ಪೇದೆ ಕೋಳವನ್ನು ಫಿನಾಯಿಲಣ್ಣನಿಗೆ ತೊಡಿಸಿದ. ಅವನು, "ಒರೆಸಿ ಹಾಕಿ," ಎಂದು ಅಳುತ್ತಲೇ ಹೇಳಿದ.

"ಸರಿ, ಇನ್ನು ಇಟ್ಟಿಗೆ," ಇನ್ಸ್‌ಪೆಕ್ಟರು ತೋಳು ಮಡಿಸಿದ. "ಅಮ್ಮಾ, ನೀವು ಮೇಲೆ ಹೋಗಿ."

"ಹೋಗಲ್ಲ," ಎಂದಳು ಗಡಿಯಾರದಕ್ಕ.

"ಸಾಹೇಬ್ರೇ." ಭಾವ ಗಂಟಲು ಸರಿ ಮಾಡಿಕೊಂಡ. "ಇವತ್ತು ಬೇಡ. ಗೋಡೆ ಹಸಿ ಇದೆ. ಈಗ ಕಿತ್ರೆ ಮೇಲಿನ ಭಾರ ಎಲ್ಲ ಕೂತುಬಿಡುತ್ತೆ. ನಾಳೆ ಬೆಳಿಗ್ಗೆ ಆಸರೆಗೆ ಮರ ಕೊಟ್ಟು ನಾನೇ ಬಿಡಿಸಿಕೊಡ್ತೀನಿ. ಒಂದಿಟ್ಟಿಗೆ ಮುಕ್ಕಾಗದ ಹಾಗೆ."

ಪತ್ತೆಯಕ್ಕ ಆ ಹೊಸ ಇಟ್ಟಿಗೆಯ ಮೇಲ್ಭಾಗ ನೋಡಿದಳು. ಅಲ್ಲಿ ಅಡ್ಡಕ್ಕೆ ಒಂದು ಕಲ್ಲುಹಾಸು ಆನೆ ನಿಂತರೂ ಅಲುಗದಂತೆ ಕೂತಿತ್ತು. ಭಾರವೆಲ್ಲ ಅದರ ಮೇಲೆ. ಕೆಳಗಿನ ಇಟ್ಟಿಗೆ ಕಿತ್ತರೆ ಏನೂ ಆಗುವುದಿಲ್ಲ.

ಭಾವ ಹೆಂಡತಿಗೆ ಸುಳ್ಳು ಹೇಳಿದ್ದುಂಟು, ಮಕ್ಕಳಿಗೆ ಹೇಳಿದ್ದುಂಟು, ನಾದಿನಿಗಂತೂ ದಿನಕ್ಕೊಂದು. ಗೋಡೆಯ ವಿಷಯದಲ್ಲಿ ಅವನು ಸುಳ್ಳು ಹೇಳಿದ್ದನ್ನು ಅವಳು ಇವತ್ತೇ ಕೇಳಿದ್ದು.

"ನಾಳೆಯಂತೆ ನಾಳೆ," ಇನ್ಸ್‌ಪೆಕ್ಟರು ಗೊಣಗಿದ. "ಬಿಟ್ಟಿದ್ದಕ್ಕೆ ಇವನು ಮನೆಗೆ ಓಡಬೇಕೋ, ಇಲ್ಲಿ ನಿಂತು ಉಪದೇಶ ಮಾಡಬೇಕೋ? ಹೊಡಿ ನೀನು."

ಪೇದೆ ಅಂಗೈಗೆ ಉಗುಳಿಕೊಂಡ. ದೊಡ್ಡ ಸುತ್ತಿಗೆ ಹಿಡಿದು, ನಡುವಿನ ಸಾಲಿಗೆ ಗುರಿ ಇಟ್ಟು, ಸೊಂಟ ತಿರುವಿದ. ಸುತ್ತಿಗೆ ಅವನ ಭುಜದ ಹಿಂದಕ್ಕೆ ಹೋಯಿತು.

"ಭಾವಾ—" ಪತ್ತೆಯಕ್ಕನ ಬಾಯಿಂದ ಹೊರಟದ್ದು ಅಷ್ಟೇ.

ಭಾವ ಮೆಟ್ಟಿಲ ಬಳಿಯಿಂದ ಗೋಡೆಯವರೆಗೆ ನಡೆಯಲಿಲ್ಲ, ಓಡಲಿಲ್ಲ, ಬಿದ್ದ. ಇಟ್ಟಿಗೆಗೂ ಸುತ್ತಿಗೆಗೂ ನಡುವೆ ತೋಳು ಚಾಚಿ ಗೋಡೆಯನ್ನು ತಬ್ಬಿಕೊಂಡು ನಿಂತ. ಪೇದೆ ಹೌಹಾರಿ ಕೈ ತಿರುಚಿದ. ಸುತ್ತಿಗೆ ಪಕ್ಕದ ಕಪಾಟಿಗೆ ಬಡಿದು ಗಡಿಯಾರಗಳು ಬಡಬಡನೆ ಉದುರಿದವು.

"ನಾನೇ ಕಟ್ಟಿದ್ದು," ಎಂದ ಭಾವ. ಕೆನ್ನೆ ಇಟ್ಟಿಗೆಗೆ ಒತ್ತಿತ್ತು. "ಆ ಹುಡುಗನ್ನ ಬಿಡಿ. ಕೋಳ ನಂಗೇ ಹಾಕಿ, ಕೋರ್ಟಿಗೆ ಬರ್ತೀನಿ, ಎಲ್ಲಿಗೆ ಬೇಕಾದ್ರೂ ಬರ್ತೀನಿ. ಇಲ್ಲಿ ಮಾತ್ರ ಹೊಡೀಬೇಡಿ."

ಫಿನಾಯಿಲಣ್ಣ ಅಳು ಮರೆತ. ಪತ್ತೆಯಕ್ಕ ಕಣ್ಣು ಮುಚ್ಚಿಕೊಂಡಳು.

"ಯಾಕೆ?" ಎಂದು ಕೇಳಿದವಳು ಗಡಿಯಾರದಕ್ಕ.

ಭಾವ ಗೋಡೆಯಿಂದ ಕೆನ್ನೆ ತೆಗೆದು ಅವಳ ಕಡೆ ತಿರುಗಿದ. ಅರ್ಧ ಮುಖಕ್ಕೆ ಗುಲಾಬಿ ಪುಡಿ ಮೆತ್ತಿಕೊಂಡಿತ್ತು. ಮೆಲ್ಲಗೆ, ಮಲಗಿದ ಮಗು ಏಳಬಾರದು ಎಂಬಷ್ಟು ಮೆಲ್ಲಗೆ ಹೇಳಿದ:

"ಜಗಳ ಕೇಳಿಸೋದೇ ಬೇಡ ಅಂತ ಕಿವಿ ಮಷೀನು ನಂಗೆ ಕೊಟ್ಟು, ತಾವಾಗೇ ಇದರ ಹಿಂದಿನ ಕೋಣೆ ಸೇರ್ಕೊಂಡಿದಾರೆ. ಈ ಹೊತ್ತಿಗೆ ಅಣ್ಣ ಇದಕ್ಕೇ ಬೆನ್ನು ಕೊಟ್ಟು ಕೂತಿರ್ತಾರಮ್ಮ."